ಮೂಗೆತ್ತುವ ಸೀಟು

ಹೈಸ್ಕೂಲಿಗೆ ಹೋಗುವ ಹುಡುಗಿಯೊಬ್ಬಳ ತಂದೆ ಒಂದು ಪ್ರಶ್ನೆ ಕೇಳಿದ್ದಾರೆ. ಅವರ ಮಾತಿನಲ್ಲೇ ಹೇಳುವುದಾದರೆ: "ಮಗಳಿಗೆ ಹಳೇ ಕಾಲದ ಮಾದರಿಯ ಸೈಕಲ್ ಕೊಡಿಸಿದೆ. ಕಂದು ಬಣ್ಣದ ಅಗಲವಾದ ಸೀಟು, ಅಡಿಯಲ್ಲಿ ಎರಡು ದಪ್ಪ ಸ್ಪ್ರಿಂಗು. ನೋಡಲು ಬಲು ಚೆಂದ. ಆದರೆ ಸೀಟು ಮಟ್ಟವಾಗಿ ನಿಲ್ಲುವುದೇ ಇಲ್ಲ. ಅಂಗಡಿಯಲ್ಲಿ ಮೂರು ಸಲ ಬಿಗಿ ಮಾಡಿಸಿದ್ದಾಯಿತು. ನಾಲ್ಕು ದಿನ ಸರಿಯಿರುತ್ತದೆ, ಐದನೆಯ ದಿನ ಅದರ ಮೂಗು ಆಕಾಶ ನೋಡುತ್ತಿರುತ್ತದೆ. ಈಗ ಅವಳು ಸೀಟಿನ ಮೇಲೆ ಕೂರದೆ ನಿಂತುಕೊಂಡೇ ತುಳಿಯುತ್ತಾಳೆ. ಸೈಕಲ್ ಬೇಡ, ಬಸ್ ಪಾಸ್ ಮಾಡಿಸಿಕೊಡಿ ಅನ್ನುತ್ತಿದ್ದಾಳೆ. ಇದರಲ್ಲಿ ಏನಾದರೂ ವಿಜ್ಞಾನ ಇದೆಯೇ ಮೇಷ್ಟ್ರೇ, ಅಥವಾ ನನ್ನ ಹಣೆಬರಹವೇ?"

ಹಣೆಬರಹದ ವಿಷಯ ಬೇರೆ ಪುಟದವರು ನೋಡಿಕೊಳ್ಳುತ್ತಾರೆ. ವಿಜ್ಞಾನ ಮಾತ್ರ ಧಾರಾಳವಾಗಿ ಇದೆ. ಹೈಸ್ಕೂಲಿನ ಭೌತಶಾಸ್ತ್ರದಲ್ಲಿ ಬರುವ ಅರ್ಧ ಡಜನ್ ಪಾಠಗಳು ಆ ಸೀಟಿನ ಕೆಳಗೇ ಅವಿತುಕೊಂಡಿವೆ. ಪ್ರಶ್ನೆಯೂ ಸಣ್ಣದಲ್ಲ. ಓಡುತ್ತಿರುವ ಸೈಕಲ್ಲಿನಲ್ಲಿ ಸೀಟು ಫಕ್ಕನೆ ವಾಲಿದರೆ ಹೆದರಿದ ಕೈ ಹ್ಯಾಂಡಲನ್ನು ಎಳೆದುಬಿಡುತ್ತದೆ. ಆ ಹೊತ್ತಿಗೆ ಹಿಂದಿನಿಂದ ಲಾರಿ ಬರುತ್ತಿದ್ದರೆ ಏನಾದೀತೆಂದು ಹೇಳಬೇಕಾಗಿಲ್ಲ. ಇನ್ನು ವಾಲಿದ ಸೀಟಿನಲ್ಲೇ ದಿನವೂ ಹೋಗಿಬರುವ ಮಕ್ಕಳ ಕಷ್ಟ ಬೇರೆ. ಮೂಗು ಮೇಲಾದರೆ ಮುಂಭಾಗದ ಮೃದುವಾದ ಜಾಗ ಒತ್ತಿ ನೋಯುತ್ತದೆ, ಜೋಮು ಹಿಡಿಯುತ್ತದೆ. ಮೂಗು ಕೆಳಗಾದರೆ ಮೈ ಮುಂದಕ್ಕೆ ಜಾರುತ್ತದೆ, ಅದನ್ನು ತಡೆಯಲು ಕೈಗಳು ಹ್ಯಾಂಡಲನ್ನು ಸದಾ ಒತ್ತುತ್ತಿರಬೇಕು, ಸಂಜೆಗೆ ಮಣಿಕಟ್ಟು ನೋವು. ಇಂಥ ನೋವನ್ನು ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, ಮನೆಯಲ್ಲಿ ಬಾಯಿಬಿಟ್ಟು ಹೇಳುವುದಿಲ್ಲ. ಸೈಕಲ್ ಬೇಡ ಎಂದಷ್ಟೇ ಹೇಳುತ್ತಾರೆ. "ಸೋಮಾರಿತನ" ಎಂದು ತೀರ್ಪು ಕೊಡುವ ಮೊದಲು ತಂದೆತಾಯಂದಿರು ಒಮ್ಮೆ ಬಗ್ಗಿ ಸೀಟಿನ ಅಡಿ ನೋಡುವುದು ಒಳ್ಳೆಯದು.

ಹಾಗೆ ಬಗ್ಗಿ ನೋಡಿದರೆ ಏನು ಕಾಣುತ್ತದೆ? ಫ್ರೇಮಿನಿಂದ ಮೇಲೆದ್ದು ಬಂದ ಸೀಟಿನ ಪೈಪು. ಅದರ ತುದಿ ಸಾಮಾನ್ಯವಾಗಿ ಸ್ವಲ್ಪ ಸಣ್ಣದಾಗಿರುತ್ತದೆ, ಅಡ್ಡಳತೆ 22.2 ಮಿಲಿಮೀಟರ್, ಹಳೆಯ ಲೆಕ್ಕದಲ್ಲಿ ಮುಕ್ಕಾಲು ಅಂಗುಲಕ್ಕೆ ಮೇಲೆ ಇನ್ನೊಂದು ಎಂಟನೆಯ ಒಂದು ಭಾಗ. ಆ ತುದಿಯನ್ನು ಒಂದು ಕಬ್ಬಿಣದ ಪಟ್ಟಿ ಬಳೆಯಂತೆ ಸುತ್ತಿ ಹಿಡಿದಿದೆ. ಬಳೆಯ ಎರಡು ತುದಿಗಳು ಕಿವಿಗಳ ಹಾಗೆ ಹಿಂದಕ್ಕೆ ಚಾಚಿವೆ. ಎರಡು ಕಿವಿಗಳ ಹೊರಮೈಯಲ್ಲೂ ಸೂರ್ಯನ ಕಿರಣಗಳಂತೆ ಸುತ್ತಲೂ ಹಲ್ಲುಗಳನ್ನು ಕೊರೆದಿರುತ್ತಾರೆ. ಅವುಗಳಿಗೆ ಎದುರಾಗಿ ಅಂಥದೇ ಹಲ್ಲಿರುವ ಇನ್ನೆರಡು ಬಿಲ್ಲೆಗಳು. ಆ ಬಿಲ್ಲೆಗಳ ಹೊರಗಡೆ ಇರುವ ಕಾಲುವೆಯಂಥ ತಗ್ಗಿನಲ್ಲಿ ಸೀಟಿನ ಕಂಬಿಗಳು ಕೂರುತ್ತವೆ. ಇಷ್ಟನ್ನೂ ಅಡ್ಡಲಾಗಿ ತೂರಿ ಬಂದ ಒಂದೇ ಒಂದು ಬೋಲ್ಟ್, ಅದರ ಎರಡು ತುದಿಗೆ ಎರಡು ನಟ್ಟು. ಇದಕ್ಕೆ ಸೀಟ್ ಕ್ಲಾಂಪ್ ಎನ್ನುತ್ತಾರೆ, ಸೀಟ್ ಕ್ಲಿಪ್ ಎಂದರೂ ಅಂಗಡಿಯವರು ಇದನ್ನೇ ಕೊಡುತ್ತಾರೆ.

ಒಂದೇ ಬೋಲ್ಟಿಗೆ ಮೂರು ಕೆಲಸ ಎಂಬುದನ್ನು ಗಮನಿಸಿ. ಬಳೆ ಪೈಪನ್ನು ಬಿಗಿಯಾಗಿ ಹಿಡಿಯಬೇಕು, ಇಲ್ಲದಿದ್ದರೆ ಸೀಟು ಎಡಬಲಕ್ಕೆ ತಿರುಗುತ್ತದೆ. ತಗ್ಗುಗಳು ಕಂಬಿಯನ್ನು ಹಿಡಿಯಬೇಕು, ಇಲ್ಲದಿದ್ದರೆ ಸೀಟು ಹಿಂದೆ ಮುಂದೆ ಸರಿಯುತ್ತದೆ. ಹಲ್ಲುಗಳು ಹಲ್ಲುಗಳನ್ನು ಕಚ್ಚಬೇಕು, ಇಲ್ಲದಿದ್ದರೆ ಮೂಗು ಏಳುತ್ತದೆ ಅಥವಾ ಬೀಳುತ್ತದೆ.

ಈ ಏರ್ಪಾಡು ಬಹಳ ಹಳೆಯದು. ಇಂದಿನ ಸೈಕಲ್ಲಿನ ಅಜ್ಜ ಎನ್ನಬಹುದಾದ ರೋವರ್ ಸೈಕಲ್ಲನ್ನು ಜಾನ್ ಕೆಂಪ್ ಸ್ಟಾರ್ಲಿ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಹೊರತಂದದ್ದು 1885ರಲ್ಲಿ. ಅದಕ್ಕೆ ಮೂರು ವರ್ಷ ಮೊದಲೇ, 1882ರಲ್ಲಿ, ಬರ್ಮಿಂಗ್‌ಹ್ಯಾಮಿನಲ್ಲಿ ಕುದುರೆಯ ಜೀನು ಮುಂತಾದ ಚರ್ಮದ ಸಾಮಾನು ಮಾಡುತ್ತಿದ್ದ ಜಾನ್ ಬೋಲ್ಟ್‌ಬೀ ಬ್ರೂಕ್ಸ್ ಸೈಕಲ್ಲಿನ ಚರ್ಮದ ಸೀಟಿಗೆ ಪೇಟೆಂಟ್ ಪಡೆದಿದ್ದರು. ಇಂದು "ಹಳೇ ಮಾದರಿ" ಎಂದು ಮಾರುವ ಕಂದು ಸೀಟುಗಳೆಲ್ಲ ಆ ಮನೆತನದವೇ, ಚರ್ಮದ ಜಾಗದಲ್ಲಿ ಈಗ ರೆಕ್ಸಿನ್ ಇರಬಹುದು ಅಷ್ಟೆ. ನಮ್ಮಲ್ಲಿ ಸ್ವಾತಂತ್ರ್ಯ ಬಂದ ಹೊಸದರಲ್ಲಿ ಶುರುವಾದ ಕಾರ್ಖಾನೆಗಳು, ಅಂದರೆ ಮದ್ರಾಸಿನ ಅಂಬತ್ತೂರಿನಲ್ಲಿ ಹರ್ಕ್ಯುಲಿಸ್ ಸೈಕಲ್ ತಯಾರಿಸಿದ ಟಿ.ಐ. ಸೈಕಲ್ಸ್, ಸೋನಿಪತ್‌ನ ಅಟ್ಲಾಸ್, ಲುಧಿಯಾನದ ಹೀರೋ, ಇಂಗ್ಲಿಷ್ ರೋಡ್‌ಸ್ಟರ್‌ನ ಅಚ್ಚನ್ನೇ ಮುಂದುವರಿಸಿದವು. ಹಾಲಿನ ಕ್ಯಾನು, ಗ್ಯಾಸ್ ಸಿಲಿಂಡರು, ಹುಲ್ಲಿನ ಹೊರೆ, ಹಿಂದೆ ಹೆಂಡತಿ, ಮುಂದೆ ಮಗು, ಎಲ್ಲವನ್ನೂ ಹೊತ್ತ ಸೈಕಲ್ ಅದು. ಕರ್ನಾಟಕದಲ್ಲಿ 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸರ್ಕಾರದಿಂದ ಸೈಕಲ್ ಕೊಡುವ ಯೋಜನೆ ಶುರುವಾದ ಮೇಲೆ ಹಲ್ಲಿನ ಕ್ಲಾಂಪು ಹಳ್ಳಿಯ ಮನೆಮನೆಗೂ ಪರಿಚಯವಾಯಿತು. ಪರಿಚಯವೇನೋ ಆಯಿತು, ಯಾರೂ ಬಿಚ್ಚಿ ನೋಡಲಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಹುಡುಗಿ 45 ಕಿಲೋ, ಬೆನ್ನ ಮೇಲಿನ ಪುಸ್ತಕದ ಚೀಲ 5 ಕಿಲೋ ಎಂದಿಟ್ಟುಕೊಳ್ಳಿ. ಅದರಲ್ಲಿ ಸ್ವಲ್ಪ ಭಾರ ಪೆಡಲಿಗೆ, ಸ್ವಲ್ಪ ಹ್ಯಾಂಡಲಿಗೆ ಹೋಗಿ ಸೀಟಿನ ಮೇಲೆ 30 ಕಿಲೋ ಉಳಿಯಿತು ಎನ್ನೋಣ, ಅಂದರೆ ಸುಮಾರು 300 ನ್ಯೂಟನ್. ನಾವು ಕೂರುವುದು ಸೀಟಿನ ಹಿಂಭಾಗದ ಅಗಲವಾದ ಜಾಗದಲ್ಲಿ. ಆ ಭಾರ ಬೋಲ್ಟಿನಿಂದ 8 ಸೆಂಟಿಮೀಟರ್ ಹಿಂದೆ ಬೀಳುತ್ತದೆ ಎಂದುಕೊಂಡರೆ, ಸೀಟನ್ನು ಹಿಂದಕ್ಕೆ ತಿರುಗಿಸಲು ಹವಣಿಸುವ ಟಾರ್ಕ್ 300 × 0.08, ಅಂದರೆ 24 ನ್ಯೂಟನ್-ಮೀಟರ್. ಇದನ್ನು ತಡೆಯಬೇಕಾದ್ದು ಯಾರು? ಬೋಲ್ಟಿನಿಂದ ಕೇವಲ ಒಂದೂವರೆ ಸೆಂಟಿಮೀಟರ್ ದೂರದಲ್ಲಿರುವ ಆ ಪುಟ್ಟ ಹಲ್ಲುಗಳು. 24ನ್ನು 0.015ರಿಂದ ಭಾಗಿಸಿ ನೋಡಿ: 1600 ನ್ಯೂಟನ್. ಅಂದರೆ 160 ಕಿಲೋ ತೂಕದಷ್ಟು ಬಲ. ಎರಡು ಕಡೆಗೂ ಹಂಚಿದರೆ ಒಂದೊಂದು ಬದಿಯ ಹಲ್ಲುಸಾಲಿನ ಮೇಲೆ 80 ಕಿಲೋ. 30 ಕಿಲೋ ಹೇಗೆ 160 ಆಯಿತು ಎಂದು ಕೇಳುವವರು ಬಾವಿಕಟ್ಟೆಯ ಕಲ್ಲನ್ನು ಹಾರೆಯಿಂದ ಮೀಟುವುದನ್ನು ನೆನಪಿಸಿಕೊಳ್ಳಿ. ಅದೇ ಸನ್ನೆ. ಇಲ್ಲಿ ಸನ್ನೆ ನಮ್ಮ ಪರವಾಗಿಲ್ಲ, ನಮಗೆ ವಿರುದ್ಧವಾಗಿದೆ, ಅಷ್ಟೇ ವ್ಯತ್ಯಾಸ.

ಇದು ನುಣುಪಾದ ರಸ್ತೆಯ ಲೆಕ್ಕ. ರಸ್ತೆಯ ಗುಂಡಿಗೆ ಚಕ್ರ ಇಳಿದು ಎದ್ದಾಗ ಈ ಬಲ ಒಂದು ಕ್ಷಣಕ್ಕೆ ಎರಡು ಪಟ್ಟು, ಮೂರು ಪಟ್ಟು ಆಗಬಲ್ಲದು. ನಮ್ಮ ರಸ್ತೆಗಳ ಬಗ್ಗೆ ಹೆಚ್ಚಿಗೆ ಬರೆಯುವುದಿಲ್ಲ.

"ಹಾಗಾದರೆ ಇನ್ನಷ್ಟು ಬಿಗಿ ಮಾಡಿದರೆ ಸರಿ" ಎಂಬ ತೀರ್ಮಾನಕ್ಕೆ ಎಲ್ಲರೂ ಬರುತ್ತಾರೆ. ಸ್ಪ್ಯಾನರಿಗೆ ಪೈಪು ತೂರಿಸಿ, ಕಾಲಿನಿಂದ ಒದ್ದು ಬಿಗಿ ಮಾಡುವುದನ್ನು ನೀವೂ ನೋಡಿರಬಹುದು. ಇಲ್ಲಿಯೇ ತಪ್ಪುವುದು. ಬೋಲ್ಟನ್ನು ನಾವು ಮೊಳೆಯ ಹಾಗೆ ಭಾವಿಸುತ್ತೇವೆ. ಬೋಲ್ಟ್ ನಿಜವಾಗಿ ಒಂದು ಸ್ಪ್ರಿಂಗು. ನಟ್ಟನ್ನು ತಿರುಗಿಸಿದಾಗ ಅದು ಉದ್ದಕ್ಕೆ ಹಿಗ್ಗುತ್ತದೆ, ಹಿಗ್ಗಿದ್ದು ಕುಗ್ಗಲು ಎಳೆಯುತ್ತದೆ, ಆ ಎಳೆತವೇ ಬಿಲ್ಲೆಗಳನ್ನು ಒತ್ತಿ ಹಿಡಿಯುತ್ತದೆ. ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದ ನಿಯಮ ರಬ್ಬರ್ ಬ್ಯಾಂಡಿಗಷ್ಟೇ ಅಲ್ಲ, ಉಕ್ಕಿಗೂ ಸೇರಿದ್ದು. ಆದರೆ ಉಕ್ಕು ಹಿಗ್ಗುವುದು ಎಷ್ಟು? ಎಂಟು ಮಿಲಿಮೀಟರ್ ದಪ್ಪದ, ಏಳು ಸೆಂಟಿಮೀಟರ್ ಉದ್ದದ ಈ ಬೋಲ್ಟನ್ನು ಚೆನ್ನಾಗಿ ಬಿಗಿದಾಗ ಅದು ಹಿಗ್ಗುವುದು ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗಕ್ಕಿಂತಲೂ ಕಡಿಮೆ. ನಿಮ್ಮ ನೋಟ್‌ಬುಕ್ಕಿನ ಒಂದು ಹಾಳೆಯ ದಪ್ಪ ಎಂದಿಟ್ಟುಕೊಳ್ಳಿ.

ಹುಡುಗಿಯ ಸೀಟನ್ನು ಮಟ್ಟವಾಗಿ ಹಿಡಿದಿರುವುದು ಈ ಒಂದು ಹಾಳೆಯ ದಪ್ಪದ ಹಿಗ್ಗುವಿಕೆ. ಅಂದಮೇಲೆ ಬಿಲ್ಲೆಗಳ ನಡುವೆ ಎಲ್ಲಾದರೂ ಒಂದು ಹಾಳೆಯ ದಪ್ಪದಷ್ಟು ಏನಾದರೂ ಕುಸಿದರೆ? ಹಿಗ್ಗಿದ್ದೆಲ್ಲ ಹೋಯಿತು, ಎಳೆತ ಹೋಯಿತು, ನಟ್ಟು ಒಂದಿಷ್ಟೂ ತಿರುಗದೆಯೇ ಕ್ಲಾಂಪು ಸಡಿಲವಾಯಿತು. "ನಟ್ಟು ಹಾಗೇ ಇದೆ, ಸೀಟು ಮಾತ್ರ ವಾಲಿದೆ" ಎಂದು ಜನ ಆಶ್ಚರ್ಯಪಡುವುದು ಇದಕ್ಕೇ.

ಕುಸಿಯುವಂಥದ್ದು ಅಲ್ಲಿ ಏನಿದೆ ಎಂದಿರಾ? ಹೊಸ ಸೈಕಲ್ಲಿನಲ್ಲಿ ಮೊದಲ ಅಪರಾಧಿ ಬಣ್ಣ. ಕ್ಲಾಂಪನ್ನು ಹೊಳೆಯುವ ಕಪ್ಪು ಬಣ್ಣದಲ್ಲಿ ಅದ್ದಿ ತೆಗೆದಂತಿರುತ್ತದೆ. ಆ ಬಣ್ಣ ಹಲ್ಲುಗಳ ನಡುವಿನ ಕಣಿವೆಯನ್ನೂ ತುಂಬಿರುತ್ತದೆ, ಕಂಬಿಯ ತಗ್ಗಿನಲ್ಲೂ ಕೂತಿರುತ್ತದೆ. ನಾಲ್ಕೈದು ದಿನ ಭಾರ ಬಿದ್ದಾಗ ಬಣ್ಣ ನಿಧಾನವಾಗಿ ಹಿಸುಕಿಕೊಂಡು ಹೊರಗೆ ಸರಿಯುತ್ತದೆ. ಹಳೆಯ ಸೈಕಲ್ಲಿನಲ್ಲಿ ಬಣ್ಣದ ಬದಲು ತುಕ್ಕು ಮತ್ತು ಎಣ್ಣೆ ಕುಡಿದ ಧೂಳು. ತುಕ್ಕು ಗಟ್ಟಿ ಎಂದು ಕಾಣುತ್ತದೆ, ಒತ್ತಿದರೆ ಪುಡಿಯಾಗುತ್ತದೆ.

ಎರಡನೆಯ ಅಪರಾಧಿ ಇನ್ನೂ ಚಾಲಾಕಿ. ಬಿಲ್ಲೆಯ ಸುತ್ತ 40 ಹಲ್ಲುಗಳಿವೆ ಎನ್ನಿ. ನಿಮ್ಮದರಲ್ಲಿ ಎಷ್ಟಿವೆಯೋ ನೀವೇ ಎಣಿಸಿಕೊಳ್ಳಿ. ಒಂದು ಹಲ್ಲು ದಾಟಿದರೆ ಸೀಟು 360 ಭಾಗಿಸು 40, ಅಂದರೆ 9 ಡಿಗ್ರಿ ತಿರುಗುತ್ತದೆ. ಬೋಲ್ಟಿನಿಂದ ಸೀಟಿನ ಮೂಗಿಗೆ 16 ಸೆಂಟಿಮೀಟರ್ ದೂರ ಇದ್ದರೆ ಮೂಗು ಬರೆಯುವ ವೃತ್ತದ ಪರಿಧಿ ಸುಮಾರು 100 ಸೆಂಟಿಮೀಟರ್. ಅದನ್ನು 40 ಪಾಲು ಮಾಡಿದರೆ ಒಂದು ಹಲ್ಲಿಗೆ ಎರಡೂವರೆ ಸೆಂಟಿಮೀಟರ್. ಅಂದರೆ ಈ ಕ್ಲಾಂಪಿನಲ್ಲಿ ಮೂಗನ್ನು ಬೇಕಾದಷ್ಟೇ ಏರಿಸಿ ಇಳಿಸಲು ಬರುವುದಿಲ್ಲ. ಮೆಟ್ಟಿಲ ಹಾಗೆ, ಈ ಮೆಟ್ಟಿಲು ಇಲ್ಲವೇ ಆ ಮೆಟ್ಟಿಲು. ನಮಗೋ ನಡುವೆ ಬೇಕು. ಸೀಟನ್ನು ಕಣ್ಣಂದಾಜಿಗೆ ಮಟ್ಟವಾಗಿ ಹಿಡಿದು "ಹಾಂ, ಹೀಗೇ ಇರಲಿ, ಬಿಗಿ ಮಾಡು" ಎನ್ನುತ್ತೇವೆ. ಆಗ ಹಲ್ಲು ಕಣಿವೆಗೆ ಇಳಿಯುವುದಿಲ್ಲ, ಹಲ್ಲಿನ ತುದಿ ಎದುರು ಹಲ್ಲಿನ ತುದಿಯ ಮೇಲೆ ನಿಲ್ಲುತ್ತದೆ. ಬಿಗಿ ಮಾಡಿದವನ ಕೈಗೆ ಎಲ್ಲ ಗಟ್ಟಿಯಾಗಿಯೇ ತೋರುತ್ತದೆ.

ನಂತರ ಒಂದು ದಿನ ಗುಂಡಿ ಸಿಗುತ್ತದೆ. ತುದಿಯ ಮೇಲೆ ನಿಂತಿದ್ದ ಹಲ್ಲು ಪಕ್ಕದ ಕಣಿವೆಗೆ ಬೀಳುತ್ತದೆ. ಹಲ್ಲಿನ ಆಳ ಒಂದು ಮಿಲಿಮೀಟರ್ ಎಂದರೂ ಎರಡು ಬದಿ ಸೇರಿ ಎರಡು ಮಿಲಿಮೀಟರ್ ಜಾಗ ಒಮ್ಮೆಲೇ ಖಾಲಿ. ಈ ಅಳತೆಯ ಸಾಮಾನ್ಯ ಬೋಲ್ಟಿನ ಥ್ರೆಡ್ ಒಂದು ಸುತ್ತಿಗೆ 1.25 ಮಿಲಿಮೀಟರ್ ಮುಂದೆ ಸಾಗುತ್ತದೆ. ಅಂದರೆ ಯಾರೋ ಬಂದು ನಟ್ಟನ್ನು ಒಂದೂವರೆ ಸುತ್ತು ಸಡಿಲಿಸಿ ಹೋದ ಹಾಗೆ! ಅಲ್ಲಿಂದ ಮುಂದೆ ಹಲ್ಲುಗಳು ಒಂದರ ಮೇಲೊಂದು ಹಾರುತ್ತಾ, ತುದಿ ಸವೆಸಿಕೊಳ್ಳುತ್ತಾ ಹೋಗುತ್ತವೆ. ಅಂಗಡಿಗೆ ಒಯ್ದರೆ ಮತ್ತೆ ಅದೇ ಕಣ್ಣಂದಾಜು, ಮತ್ತೆ ಅದೇ ಬಿಗಿ. ನಾಲ್ಕು ದಿನದ ಲೆಕ್ಕ ಹೀಗೆ ಹುಟ್ಟುತ್ತದೆ.

ರೋಗ ಇದೇ ಎಂದು ಖಚಿತಪಡಿಸಿಕೊಳ್ಳುವುದು ಹೇಗೆ? ಮನೆಯಲ್ಲಿ ಉಗುರು ಬಣ್ಣದ ಶೀಶೆ ಇರುತ್ತದಲ್ಲ, ಅಮ್ಮನನ್ನೋ ಅಕ್ಕನನ್ನೋ ಕೇಳಿ ತನ್ನಿ. ಸೀಟನ್ನು ಬಿಗಿ ಮಾಡಿದ ಮೇಲೆ ಮೂರು ಕಡೆ ಒಂದೊಂದು ಸಣ್ಣ ಗೆರೆ ಎಳೆಯಿರಿ. ಪೈಪಿನಿಂದ ಬಳೆಗೆ ದಾಟುವಂತೆ ಒಂದು, ಕಿವಿಯಿಂದ ಹಲ್ಲುಬಿಲ್ಲೆಗೆ ದಾಟುವಂತೆ ಒಂದು, ಬಿಲ್ಲೆಯಿಂದ ಕಂಬಿಗೆ ದಾಟುವಂತೆ ಇನ್ನೊಂದು. ಒಣಗಿದ ಮೇಲೆ ಎರಡು ದಿನ ಶಾಲೆಗೆ ಹೋಗಿಬನ್ನಿ. ನಂತರ ಯಾವ ಗೆರೆ ಮುರಿದಿದೆ ನೋಡಿ. ಅಲ್ಲಿಯೇ ಜಾರುತ್ತಿದೆ, ಬೇರೆಡೆ ಕೈ ಹಾಕುವ ಅಗತ್ಯವಿಲ್ಲ. ಸಾಮಾನ್ಯವಾಗಿ ನಡುವಿನ ಗೆರೆಯೇ ಮುರಿಯುತ್ತದೆ. ಆದರೆ ಮೂರನೆಯದು ಮೊದಲು ಮುರಿಯುವುದೂ ಉಂಟು. ಸೀಟು ಮೊದಲು ಹಿಂದಕ್ಕೆ ಸರಿಯುತ್ತದೆ, ಭಾರದ ದೂರ 8 ಸೆಂಟಿಮೀಟರಿನಿಂದ 10ಕ್ಕೆ ಹೋಗುತ್ತದೆ, ಟಾರ್ಕ್ ನೂರಕ್ಕೆ ಇಪ್ಪತ್ತೈದರಷ್ಟು ಹೆಚ್ಚುತ್ತದೆ, ಆಮೇಲೆ ಹಲ್ಲು ಜಾರುತ್ತದೆ. ಅಂಥ ಸೀಟಿನ ಹಲ್ಲನ್ನು ಎಷ್ಟು ತಿದ್ದಿದರೂ ಫಲವಿಲ್ಲ, ಕಂಬಿಯ ಹಿಡಿತವನ್ನು ಮೊದಲು ಸರಿಪಡಿಸಬೇಕು. ಊಹೆ ಮಾಡಿ ರಿಪೇರಿಗೆ ಇಳಿಯುವುದಕ್ಕೂ ಗೆರೆ ನೋಡಿ ಇಳಿಯುವುದಕ್ಕೂ ಇರುವ ಅಂತರವನ್ನು ಮಕ್ಕಳಿಗೆ ತೋರಿಸಲು ಇದಕ್ಕಿಂತ ಅಗ್ಗದ ಪ್ರಯೋಗ ನನಗೆ ಗೊತ್ತಿಲ್ಲ.

ಇನ್ನು ರಿಪೇರಿ. ಭಾನುವಾರ ಬೆಳಿಗ್ಗೆ ಒಂದು ಗಂಟೆಯ ಕೆಲಸ. ಹುಡುಗಿ ಮಾಡಲಿ, ತಂದೆ ಪಕ್ಕದಲ್ಲಿ ಕೂತು ಸ್ಪ್ಯಾನರ್ ಕೊಡಲಿ. ಬೇಕಾದ್ದು ಎರಡು ಸ್ಪ್ಯಾನರು, ಸಾಮಾನ್ಯವಾಗಿ 13 ಅಥವಾ 14 ನಂಬರಿನವು. ಒಂದರಿಂದ ಆಗುವುದಿಲ್ಲ, ಒಂದು ನಟ್ಟನ್ನು ತಿರುಗಿಸಿದರೆ ಇಡೀ ಬೋಲ್ಟೇ ತಿರುಗುತ್ತದೆ. ಜೊತೆಗೆ ಬಳಸಿ ಬಿಟ್ಟ ಹಲ್ಲುಜ್ಜುವ ಬ್ರಷ್, ಸ್ವಲ್ಪ ಉಪ್ಪುಕಾಗದ, ಒಂದು ಹನಿ ಎಣ್ಣೆ. ಬಿಚ್ಚುವಾಗ ಯಾವುದರ ನಂತರ ಯಾವುದು ಬಂತು ಎಂದು ಹಳೆಯ ಪತ್ರಿಕೆಯ ಮೇಲೆ ಸಾಲಾಗಿ ಇಡುತ್ತಾ ಹೋಗಿ. ಹೀಗೆ ಇಡದಿದ್ದರೆ ಜೋಡಿಸುವಾಗ ಒಂದು ವಾಷರ್ ಉಳಿದೇ ಉಳಿಯುತ್ತದೆ.

ಹಲ್ಲುಗಳ ಕಣಿವೆಯಿಂದ ಬಣ್ಣ, ತುಕ್ಕು, ಧೂಳು ಎಲ್ಲವನ್ನೂ ಕೆರೆದು ತೆಗೆಯಿರಿ. ಬಣ್ಣ ಹಟ ಮಾಡಿದರೆ ಸೂಜಿಯ ಮೊನೆಯೋ ಕಂಪಾಸಿನ ಮೊನೆಯೋ ಸಾಕು. ಕಂಬಿ ಕೂರುವ ತಗ್ಗನ್ನು, ಕಂಬಿಯ ಆ ಭಾಗವನ್ನು ಉಪ್ಪುಕಾಗದದಿಂದ ಉಜ್ಜಿ. ಇವೆಲ್ಲ ಒಣಗಿರಬೇಕು, ಎಣ್ಣೆ ತಾಗಬಾರದು. ಎಣ್ಣೆಯನ್ನು ಹಾಕಬೇಕಾದ್ದು ಬೋಲ್ಟಿನ ಥ್ರೆಡ್ಡಿಗೆ ಮತ್ತು ನಟ್ಟಿನ ಅಡಿಗೆ. ಜನ ಸರಿಯಾಗಿ ಉಲ್ಟಾ ಮಾಡುತ್ತಾರೆ, ಥ್ರೆಡ್ಡಿಗೆ ಎಣ್ಣೆ ಹಾಕಿದರೆ ನಟ್ಟು ಜಾರೀತು ಎಂದು ಭಯ. ಲೆಕ್ಕ ಹೀಗಿದೆ: ಸ್ಪ್ಯಾನರಿನ ಮೇಲೆ ನೀವು ಹಾಕುವ ಶ್ರಮದಲ್ಲಿ ಸುಮಾರು ಅರ್ಧ ನಟ್ಟಿನ ಅಡಿಯ ಘರ್ಷಣೆಗೆ ಹೋಗುತ್ತದೆ, ಸುಮಾರು ನೂರಕ್ಕೆ ನಲವತ್ತು ಥ್ರೆಡ್ಡಿನ ಘರ್ಷಣೆಗೆ ಹೋಗುತ್ತದೆ, ಬೋಲ್ಟನ್ನು ಹಿಗ್ಗಿಸಲು ಉಳಿಯುವುದು ನೂರಕ್ಕೆ ಹತ್ತು ಮಾತ್ರ. ತುಕ್ಕು ಹಿಡಿದ ಥ್ರೆಡ್ಡಿನಲ್ಲಿ ಆ ಹತ್ತೂ ಉಳಿಯುವುದಿಲ್ಲ. ಕೀರಲು ಸದ್ದು ಮಾಡುತ್ತಾ ಕಷ್ಟಪಟ್ಟು ತಿರುಗುವ ನಟ್ಟು ಬಿಗಿಯಾಗಿದೆ ಎಂದು ನಂಬಬೇಡಿ, ಅದು ಘರ್ಷಣೆಯ ಕೂಗು.

ಜೋಡಿಸುವಾಗ ಬಳೆಯನ್ನು ಪೈಪಿನ ತುದಿಗೆ ಪೂರ್ತಿ ಇಳಿಸಿ. ಪೈಪಿನ ತಲೆ ಬಳೆಯ ಮೇಲಂಚಿಗೆ ಸಮನಾಗಿ ಕಾಣಬೇಕು. ಅರ್ಧಕ್ಕೆ ನಿಂತರೆ ಇಡೀ ಕ್ಲಾಂಪು ಪೈಪಿನ ಮೇಲೆ ಓಲಾಡುತ್ತದೆ. ಕಂಬಿಯ ನಡುಭಾಗ ಕ್ಲಾಂಪಿಗೆ ಬರಲಿ. ಈಗ ನಟ್ಟುಗಳನ್ನು ಬೆರಳಿನಿಂದ ತಿರುಗುವಷ್ಟು ಮಾತ್ರ ತಿರುಗಿಸಿ. ಸೀಟಿನ ಮೂಗನ್ನು ಹಿಡಿದು ಮೆಲ್ಲಗೆ ಮೇಲೆ ಕೆಳಗೆ ಅಲ್ಲಾಡಿಸಿ. ಹಲ್ಲು ಕಣಿವೆಗೆ ಇಳಿದಾಗ ಕೈಗೆ ಗೊತ್ತಾಗುತ್ತದೆ, "ಟಕ್" ಎಂದು ಕೂರುತ್ತದೆ. ಕೂತ ಮೇಲೆ ಮತ್ತೆ ಬೆರಳಿನಿಂದ ನಟ್ಟು ತಿರುಗಿಸಿ. ಅದು ಇನ್ನೊಂದು ಸುತ್ತು ಸಲೀಸಾಗಿ ಒಳಗೆ ಹೋದರೆ ಸರಿ, ಖಾಲಿ ಜಾಗ ತುಂಬಿತು. ಎರಡು ಕಡೆಯ ಹಲ್ಲುಸಾಲೂ ಕೂತಿದೆಯೇ, ಬಿಲ್ಲೆಗಳ ನಡುವೆ ಸುತ್ತಲೂ ಸಂದು ಸಮನಾಗಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿ. ಇಷ್ಟಾದ ಮೇಲಷ್ಟೇ ಸ್ಪ್ಯಾನರ್. ಎಡ ನಟ್ಟನ್ನು ಸ್ವಲ್ಪ, ಬಲ ನಟ್ಟನ್ನು ಸ್ವಲ್ಪ, ಹೀಗೆ ಸರದಿಯಲ್ಲಿ.

ಎಷ್ಟು ಬಿಗಿ? ಇಂಥ ಕ್ಲಾಂಪಿಗೆ 15ರಿಂದ 20 ನ್ಯೂಟನ್-ಮೀಟರ್ ಸಾಮಾನ್ಯವಾಗಿ ಸಾಕು. ಸೈಕಲ್ಲಿನ ಜೊತೆ ಬಂದ ಕೈಪಿಡಿಯಲ್ಲಿ ಬೇರೆ ಅಂಕಿ ಕೊಟ್ಟಿದ್ದರೆ ಅದನ್ನೇ ಅನುಸರಿಸಿ. ಅಳೆಯುವುದಕ್ಕೆ ದುಬಾರಿ ಉಪಕರಣ ಬೇಡ. ಹಳೇ ಪೇಪರ್ ಕೊಳ್ಳುವವರ ಬಳಿ ಇರುತ್ತದಲ್ಲ, ಅಂಥ ಕೊಕ್ಕೆ ತಕ್ಕಡಿ ಸಿಕ್ಕಿದರೆ ಅದರ ಕೊಕ್ಕೆಯನ್ನು ಸ್ಪ್ಯಾನರಿನ ತುದಿಗೆ ಸಿಕ್ಕಿಸಿ ಲಂಬವಾಗಿ ಎಳೆಯಿರಿ. ಬೋಲ್ಟಿನಿಂದ ಕೊಕ್ಕೆಗೆ 15 ಸೆಂಟಿಮೀಟರ್ ಇದ್ದು ಮುಳ್ಳು 12 ಕಿಲೋ ತೋರಿಸಿದರೆ ಸುಮಾರು 18 ನ್ಯೂಟನ್-ಮೀಟರ್ ಆಯಿತು. ಕೈಗೆ ಒಮ್ಮೆ ಆ ಬಲದ ಪರಿಚಯವಾದರೆ ಮುಂದೆ ತಕ್ಕಡಿ ಬೇಕಾಗುವುದಿಲ್ಲ. ಇದಕ್ಕಿಂತ ಬಹಳ ಹೆಚ್ಚು ಎಳೆದರೆ ಅಗ್ಗದ ಬೋಲ್ಟ್ ಹಿಗ್ಗಿದ್ದು ಮತ್ತೆ ಕುಗ್ಗುವುದಿಲ್ಲ, ಅಂದರೆ ಸ್ಥಿತಿಸ್ಥಾಪಕತೆಯ ಮಿತಿ ದಾಟುತ್ತದೆ. ಆಮೇಲೆ ಅದು ಸ್ಪ್ರಿಂಗಲ್ಲ, ಬರಿಯ ಕಂಬಿ.

ಮಟ್ಟ ನೋಡುವುದಕ್ಕೆ ಕಂಪಾಸ್ ಬಾಕ್ಸ್ ತೆರೆಯಿರಿ. ಕೋನಮಾಪಕದ ನಡುಬಿಂದುವಿನಿಂದ ಒಂದು ದಾರ ಇಳಿಬಿಟ್ಟು ತುದಿಗೆ ಸಣ್ಣ ನಟ್ಟು ಕಟ್ಟಿ, ಗಾರೆಯವರ ತೂಗುಗುಂಡಿನ ಹಾಗೆ. ಸೀಟಿನ ಮೇಲೆ ಮೂಗಿನಿಂದ ಹಿಂಬದಿಯವರೆಗೆ ಪರೀಕ್ಷೆಗೆ ಒಯ್ಯುವ ಪ್ಯಾಡನ್ನು ಇಟ್ಟು, ಅದರ ಅಂಚಿಗೆ ಕೋನಮಾಪಕದ ನೇರ ಬದಿಯನ್ನು ತಾಗಿಸಿ, ಅರ್ಧವೃತ್ತ ಕೆಳಗೆ ಬರುವಂತೆ ಹಿಡಿಯಿರಿ. ದಾರ 90ರ ಮೇಲೆ ನಿಂತರೆ ಸೀಟು ಮಟ್ಟ, 94ಕ್ಕೋ 86ಕ್ಕೋ ಸರಿದರೆ ಅಷ್ಟು ಓರೆ. ನೆಲ ಮಟ್ಟವಾಗಿದೆಯೇ ಎಂದು ಮೊದಲು ಒಂದು ಗೋಲಿ ಬಿಟ್ಟು ನೋಡಿಕೊಳ್ಳಿ. ಇನ್ನೊಂದು ವಿಷಯ: ಅಡಿಯಲ್ಲಿ ಸ್ಪ್ರಿಂಗು ಇರುವ ಸೀಟಿನಲ್ಲಿ ಕೂತಾಗ ಹಿಂಬದಿ ಕೆಳಗಿಳಿಯುತ್ತದೆ. ಖಾಲಿ ಸೀಟು ಮಟ್ಟವಾಗಿದ್ದರೆ ಕೂತಾಗ ಮೂಗು ಮೇಲೇ ಇರುತ್ತದೆ. ಆದ್ದರಿಂದ ಹುಡುಗಿಯನ್ನು ಕೂರಿಸಿ, ಒಬ್ಬರು ಸೈಕಲ್ ಹಿಡಿದು, ಇನ್ನೊಬ್ಬರು ಪಕ್ಕದಿಂದ ನೋಡಬೇಕು. ಎರಡು ಹಲ್ಲಿನ ನಡುವೆ ಆಯ್ಕೆ ಬಂದರೆ ಇಂಥ ಸೀಟಿಗೆ ತುಸು ಮೂಗು ತಗ್ಗಿದ ಸ್ಥಾನವೇ ವಾಸಿ. ಅಪ್ಪಟ ಚರ್ಮದ ಸೀಟು ಹಾಗಲ್ಲ, ಅದು ತೊಟ್ಟಿಲ ಬಟ್ಟೆಯಂತೆ ನಡುವೆ ತಗ್ಗುವುದರಿಂದ ಅದನ್ನು ಕೂದಲೆಳೆ ಮೂಗೆತ್ತಿ ಇಡುವವರೇ ಹೆಚ್ಚು. ಎರಡು ಸ್ಥಾನವೂ ಹಿಡಿಸದಿದ್ದರೆ ಕ್ಲಾಂಪನ್ನು ಹಿಂದುಮುಂದಾಗಿ ತಿರುಗಿಸಿ ಜೋಡಿಸಿ ನೋಡಿ. ಹಲ್ಲುಗಳ ಲೆಕ್ಕ ಆಗ ಬೇರೆಯಾಗಿ, ಕೆಲವೊಮ್ಮೆ ಬೇಕಾದ ನಡುವಿನ ಮೆಟ್ಟಿಲು ಸಿಕ್ಕಿಬಿಡುತ್ತದೆ. ಸೀಟು ಮಾತ್ರ ಸ್ವಲ್ಪ ಮುಂದೆ ಬರುತ್ತದೆ.

ಚರ್ಮದ ಸೀಟಿನ ಮಾತು ಬಂದದ್ದರಿಂದ ಹೇಳುತ್ತೇನೆ. ಅದರ ಮೂಗಿನ ಅಡಿ ಇನ್ನೊಂದು ಉದ್ದನೆಯ ಬೋಲ್ಟ್ ಇರುತ್ತದೆ. ಸೀಟು ಮಟ್ಟವಾಗಲಿ ಎಂದು ಅದನ್ನು ತಿರುಗಿಸಬೇಡಿ. ಅದು ಚರ್ಮವನ್ನು ಎಳೆದು ಹಿಡಿಯಲು ಇರುವಂಥದ್ದು, ಓರೆಗೂ ಅದಕ್ಕೂ ಸಂಬಂಧವಿಲ್ಲ. ಹೆಚ್ಚು ತಿರುಗಿಸಿದರೆ ಚರ್ಮ ರಿವೆಟ್ಟಿನ ಬಳಿ ಹರಿಯುತ್ತದೆ.

ಉಗುರು ಬಣ್ಣದ ಮೊದಲ ಗೆರೆ ಮುರಿದಿದ್ದರೆ, ಅಂದರೆ ಪೈಪಿನ ಮೇಲೆ ಬಳೆಯೇ ತಿರುಗುತ್ತಿದ್ದರೆ, ಕಿವಿಗಳ ನಡುವೆ ನೋಡಿ. ಬಿಗಿ ಮಾಡಿದಾಗ ಎರಡು ಕಿವಿಗಳ ಒಳಬದಿ ಒಂದಕ್ಕೊಂದು ತಾಗಿಬಿಟ್ಟಿದ್ದರೆ ಪೈಪು ಸಣ್ಣದು, ಬಳೆ ದೊಡ್ಡದು. ಇನ್ನೆಷ್ಟು ಬಿಗಿ ಮಾಡಿದರೂ ಕಿವಿ ಕಿವಿಯನ್ನು ಒತ್ತುತ್ತದೆಯೇ ಹೊರತು ಪೈಪನ್ನಲ್ಲ. ಪೈಪಿನ ಅಡ್ಡಳತೆಯನ್ನು ಶಾಲೆಯ ಪ್ರಯೋಗಾಲಯದ ವರ್ನಿಯರ್ ಕ್ಯಾಲಿಪರ್ಸ್‌ನಿಂದ ಅಳೆಯಿರಿ. 22.2 ಇರಬೇಕಾದಲ್ಲಿ 21.8 ಇದ್ದರೆ 0.4 ಮಿಲಿಮೀಟರ್ ಕಡಿಮೆ. ತುಂಬಬೇಕಾದ ತಗಡಿನ ದಪ್ಪ 0.4 ಅಲ್ಲ, ಅದರ ಅರ್ಧ, 0.2, ಏಕೆಂದರೆ ಸುತ್ತಿದ ತಗಡು ಎರಡು ಬದಿಗೂ ಬರುತ್ತದೆ. ತಂಪು ಪಾನೀಯದ ಅಲ್ಯೂಮಿನಿಯಂ ಡಬ್ಬಿಯ ತಗಡು ಸುಮಾರು 0.1 ಮಿಲಿಮೀಟರ್ ದಪ್ಪ. ಎರಡು ಸುತ್ತು ಸುತ್ತಿದರೆ ಸರಿಹೋಯಿತು. ತಗಡನ್ನು ಕತ್ತರಿಸುವಾಗ ಅಂಚು ಬ್ಲೇಡಿನಷ್ಟೇ ಹರಿತವೆಂಬುದನ್ನು ಮರೆಯಬೇಡಿ. ಈ ಕೆಲಸ ದೊಡ್ಡವರದು. ಅದೇ ಹೊತ್ತಿಗೆ ಸೀಟಿನ ಪೈಪು ಫ್ರೇಮಿನ ಒಳಗೆ ಸಾಕಷ್ಟು ಇಳಿದಿದೆಯೇ ಎಂದೂ ನೋಡಿ. ಪೈಪಿನ ಮೇಲೆ ಮಿತಿಯ ಗೆರೆ ಇದ್ದರೆ ಅದು ಹೊರಗೆ ಕಾಣಬಾರದು.

ಹಲ್ಲುಗಳು ಪೂರ್ತಿ ಸವೆದು ಗುಡ್ಡದ ಹಾಗೆ ದುಂಡಗಾಗಿದ್ದರೆ ಮೇಲಿನ ಯಾವ ಉಪಾಯವೂ ನಿಲ್ಲುವುದಿಲ್ಲ. ಅರದಿಂದ ಹೊಸ ಹಲ್ಲು ಕೊರೆಯುತ್ತೇನೆಂದು ಹೊರಡುವ ಉತ್ಸಾಹಿಗಳಿದ್ದಾರೆ. ನಾಲ್ಕು ಸಾಲನ್ನೂ ಒಂದೇ ಅಳತೆಗೆ ಕೊರೆಯುವುದು ಕೈಯಲ್ಲಿ ಆಗುವ ಮಾತಲ್ಲ. ಇನ್ನು ಕೆಲವರು ಸೀದಾ ವೆಲ್ಡಿಂಗ್ ಅಂಗಡಿಗೆ ಒಯ್ದು ಎರಡು ಕಡೆ ಬೆಸುಗೆ ಹಾಕಿಸಿಬಿಡುತ್ತಾರೆ. ಸೀಟೇನೋ ಅಲ್ಲಾಡುವುದಿಲ್ಲ, ಸರಿ. ಆದರೆ ಸತುವಿನ ಲೇಪವಿರುವ ಕಬ್ಬಿಣವನ್ನು ಬೆಸೆಯುವಾಗ ಏಳುವ ಹೊಗೆ ಒಳ್ಳೆಯದಲ್ಲ. ಮಗಳು ವರ್ಷಕ್ಕೆ ನಾಲ್ಕೈದು ಸೆಂಟಿಮೀಟರ್ ಬೆಳೆಯುವ ವಯಸ್ಸಿನಲ್ಲಿ ಸೀಟಿನ ಹೊಂದಾಣಿಕೆ ಬದಲಿಸುತ್ತಲೇ ಇರಬೇಕಾಗುತ್ತದೆ, ಬೆಸೆದ ಸೀಟಿನ ಓರೆಯನ್ನಾಗಲಿ ಮುಂದು ಹಿಂದನ್ನಾಗಲಿ ಮತ್ತೆ ಬದಲಿಸಲು ಬರುವುದಿಲ್ಲ. ಬೆಸುಗೆ ಹಾಕಿಸುವ ಬದಲು ಹೊಸ ಕ್ಲಾಂಪೇ ಹಾಕಿಸಿ.

ಇಟಲಿಯ ಕಂಪನ್ಯೊಲೊ ಕಂಪನಿ 1950ರ ದಶಕದಲ್ಲೇ ರೇಸಿನ ಸೈಕಲ್ಲಿಗೆ ಬೇರೊಂದು ದಾರಿ ಹುಡುಕಿತ್ತು. ಪೈಪಿನ ತಲೆಯಲ್ಲೇ ತೊಟ್ಟಿಲು, ಮುಂದೊಂದು ಬೋಲ್ಟ್, ಹಿಂದೊಂದು ಬೋಲ್ಟ್. ಒಂದನ್ನು ಸಡಿಲಿಸಿ ಇನ್ನೊಂದನ್ನು ಬಿಗಿದರೆ ಸೀಟು ಕೂದಲೆಳೆಯಷ್ಟು ಓರೆಯಾಗುತ್ತದೆ, ಹಲ್ಲುಗಳ ಗೊಡವೆಯಿಲ್ಲ. ಎರಡು ಬೋಲ್ಟುಗಳ ನಡುವಿನ ದೂರವೇ ಅಲ್ಲಿ ಸನ್ನೆಯ ತೋಳು, ಆದ್ದರಿಂದ ಹಿಡಿತವೂ ಗಟ್ಟಿ. ಈ ತತ್ವದ ಪೈಪು ಈಗ ದೊಡ್ಡ ಊರುಗಳ ಅಂಗಡಿಗಳಲ್ಲಿ ಸಿಗುತ್ತದೆ. ಕೊಳ್ಳುವ ಮೊದಲು ನಿಮ್ಮ ಸೀಟಿನ ಕಂಬಿ ಎಣಿಸಿ. ಬದಿಗೊಂದರಂತೆ ಎರಡೇ ಕಂಬಿ ಇದ್ದರೆ ಕೂರುತ್ತದೆ. ಬದಿಗೆ ಎರಡರಂತೆ ನಾಲ್ಕು ಕಂಬಿ ಇರುವ ಹಳೆಯ ದಪ್ಪ ಸೀಟಿಗೆ ಅದು ಹೊಂದುವುದಿಲ್ಲ, ಅದಕ್ಕೆ ಅದರದೇ ಹಲ್ಲಿನ ಕ್ಲಾಂಪು ಬೇಕು.

ಹೊಸ ಕ್ಲಾಂಪು ತರಲು ಹೋಗುವಾಗ ಹಳೆಯದನ್ನು ಜೇಬಿನಲ್ಲಿ ಹಾಕಿಕೊಂಡು ಹೋಗಿ. ಅಂಗಡಿಯಲ್ಲೇ ಎರಡು ಬಿಲ್ಲೆಗಳನ್ನು ಎದುರುಬದುರು ಹಿಡಿದು ತಿರುಗಿಸಿ ನೋಡಿ, ಹಲ್ಲಿನ ಕಣಿವೆಯಲ್ಲಿ ಬಣ್ಣ ಕಡಿಮೆ ಇರುವುದನ್ನು ಆರಿಸಿ, ಹಲ್ಲು ಎಣಿಸಿ. ಹಲ್ಲು ಹೆಚ್ಚಿದ್ದಷ್ಟೂ ಮೆಟ್ಟಿಲು ಸಣ್ಣದು. ಜೋಡಿಸಿದ ಮೇಲೆ ಉಗುರು ಬಣ್ಣದ ಗೆರೆಗಳನ್ನು ಮತ್ತೆ ಎಳೆಯಿರಿ. ಮೊದಲ ವಾರ ಕಳೆದ ಮೇಲೆ ಒಮ್ಮೆ ಸ್ಪ್ಯಾನರ್ ಹಿಡಿದು ನೋಡಿ, ಉಳಿದಿದ್ದ ಬಣ್ಣ ಹಿಸುಕಿ ಹೋಗಿ ನಟ್ಟು ಕಾಲು ಸುತ್ತು ಒಳಗೆ ಹೋದರೆ ಆಶ್ಚರ್ಯವಿಲ್ಲ. ಎರಡನೆಯ ವಾರವೂ ಹಾಗೇ ಹೋದರೆ ಮತ್ತೆ ಬಿಚ್ಚಿ ಹಲ್ಲು ಕೂತಿದೆಯೇ ಎಂದು ಮೊದಲಿನಿಂದ ನೋಡಬೇಕು.